ನಿಮ್ಮ ಖುಷಿ ಎಲ್ಲಿದೆ ಅಂತ 14 ದಿನ ಬರೆದು ನೋಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಹೊಸದು ಬೇಡ, ಮಕ್ಕಳ ಹಳೇ ನೋಟ್‌ಬುಕ್‌ನಲ್ಲಿ ಉಳಿದ ಹಾಳೆಗಳೇ ಸಾಕು. ಜೊತೆಗೆ ಒಂದು ಪೆನ್ನು. ಫೋನಿನಲ್ಲಿ ಬರೆಯಬೇಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ. 14 ದಿನ, ದಿನಕ್ಕೆ 20 ನಿಮಿಷ. ಇಷ್ಟು ಹೊತ್ತು ಕೊಟ್ಟರೆ ನಿಮ್ಮ ಖುಷಿ ನಿಜವಾಗಿ ಎಲ್ಲಿಂದ ಬರುತ್ತಿದೆ, ಎಲ್ಲಿ ಸೋರಿ ಹೋಗುತ್ತಿದೆ ಅಂತ ನಿಮ್ಮದೇ ಕೈಬರಹದಲ್ಲಿ ನೋಡಬಹುದು.

ನಾನು ಇದನ್ನು ಮೊದಲ ಸಲ ಮಾಡಿದ್ದು ಒಂದು ಡಿಸೆಂಬರ್‌ನಲ್ಲಿ. ಆಗ ನನಗೆ ಹೇಳಿಕೊಳ್ಳುವಂಥ ಕಷ್ಟ ಏನೂ ಇರಲಿಲ್ಲ. ಕೆಲಸ ಇತ್ತು, ಕೆಂಗೇರಿಯಲ್ಲಿ ಮನೆ ಇತ್ತು, ಎಲ್ಲರೂ ಆರೋಗ್ಯವಾಗಿದ್ದರು. ಆದರೂ ರಾತ್ರಿ ಮಲಗುವಾಗ ಇಡೀ ದಿನ ಕೈಜಾರಿ ಹೋಯಿತು ಅನ್ನಿಸುತ್ತಿತ್ತು. ಅಮ್ಮ ಊರಿಂದ ಫೋನ್ ಮಾಡಿ "ಚೆನ್ನಾಗಿದ್ದೀಯಾ?" ಅಂತ ಕೇಳಿದರೆ "ಹೂಂ" ಅನ್ನುತ್ತಿದ್ದೆ. ಆ ಹೂಂ ನಿಜವಾ ಸುಳ್ಳಾ ಅಂತ ನನಗೇ ಗೊತ್ತಿರಲಿಲ್ಲ.

ದೊಡ್ಡ ಪ್ರಶ್ನೆ ಬೇಡ

"ನಾನು ಖುಷಿಯಾಗಿದ್ದೇನಾ?" ಅಂತ ಕೇಳಿಕೊಂಡರೆ ಮನಸ್ಸು ಕೂತು ಲೆಕ್ಕ ಹಾಕುವುದಿಲ್ಲ. ಆ ಹೊತ್ತಿಗೆ ಕಣ್ಣೆದುರು ಏನಿದೆಯೋ ಅದನ್ನೇ ಹಿಡಿದು ಉತ್ತರ ಕೊಟ್ಟುಬಿಡುತ್ತದೆ. 1988ರಲ್ಲಿ ಬಂದ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಕಾಲೇಜು ಹುಡುಗ ಹುಡುಗಿಯರಿಗೆ ಎರಡು ಪ್ರಶ್ನೆ ಕೇಳಿದರು: ಬದುಕಿನಲ್ಲಿ ಎಷ್ಟು ಖುಷಿಯಾಗಿದ್ದೀರಿ, ಎಷ್ಟು ಸಲ ಡೇಟಿಂಗ್ ಹೋಗುತ್ತೀರಿ. ಖುಷಿಯ ಪ್ರಶ್ನೆ ಮೊದಲು ಬಂದಾಗ ಎರಡು ಉತ್ತರಗಳಿಗೂ ಅಂಥ ಸಂಬಂಧ ಕಾಣಲಿಲ್ಲ. ಡೇಟಿಂಗ್ ಪ್ರಶ್ನೆ ಮೊದಲು ಕೇಳಿದಾಗ ಮಾತ್ರ, ಕಡಿಮೆ ಹೋಗುವವರು ತಮ್ಮ ಇಡೀ ಬದುಕಿಗೇ ಕಡಿಮೆ ಅಂಕ ಕೊಟ್ಟುಕೊಂಡರು. ನಮಗೂ ಇದು ಹೊಸದಲ್ಲ. ನೆಂಟರ ಮನೆ ಗೃಹಪ್ರವೇಶಕ್ಕೆ ಹೋಗಿ, ಅವರ ಮಾಡ್ಯುಲರ್ ಕಿಚನ್ ನೋಡಿ, ಮನೆಗೆ ಬಂದು ನಮ್ಮ ಗ್ಯಾಸ್ ಕಟ್ಟೆ ಮುಂದೆ ನಿಂತ ಸಂಜೆ ಈ ಪ್ರಶ್ನೆ ಕೇಳಿಕೊಂಡರೆ ಏನು ಉತ್ತರ ಬರುತ್ತದೆ ಹೇಳಿ?

ಅದಕ್ಕೇ ಬದುಕಿನ ಬಗ್ಗೆ ಕೇಳಬೇಡಿ. ಇವತ್ತು ಬೆಳಿಗ್ಗೆ ಏಳರಿಂದ ಎಂಟರವರೆಗೆ ಹೇಗಿತ್ತು ಅಂತ ಕೇಳಿ. ಅದಕ್ಕೆ ಉತ್ತರ ನಿಮ್ಮ ಹತ್ತಿರ ಇದೆ.

ಈ ಉಪಾಯ ನನ್ನದಲ್ಲ. ಅರ್ಥಶಾಸ್ತ್ರದ ನೊಬೆಲ್ ಪಡೆದ ಮನಃಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಅವರ ಜೊತೆಗಾರರು ಅಮೆರಿಕದ ಟೆಕ್ಸಾಸ್‌ನಲ್ಲಿ ಕೆಲಸಕ್ಕೆ ಹೋಗುವ 909 ಹೆಂಗಸರ ಹತ್ತಿರ ಹೀಗೆ ಬರೆಸಿದ್ದರು, ಅದರ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಹಿಂದಿನ ದಿನವನ್ನು ಸಿನಿಮಾದ ದೃಶ್ಯಗಳ ಹಾಗೆ ಬಿಡಿಸಿ ಬರೆಯಿರಿ, ಒಂದೊಂದು ದೃಶ್ಯದಲ್ಲೂ ಮನಸ್ಸಿಗೆ ಹೇಗಿತ್ತು ಹೇಳಿ ಅಂತ ಕೇಳಿದ್ದರು. ಹೆಚ್ಚಿನವರ ದಿನ ಸುಮಾರು 14 ದೃಶ್ಯಗಳಾಯಿತು. ನನ್ನದೂ ಹೆಚ್ಚು ಕಡಿಮೆ ಅಷ್ಟೇ ಆಗುತ್ತದೆ.

ಬರೆಯುವ ರೀತಿ

ರಾತ್ರಿ ಊಟ ಆದ ಮೇಲೆ ಕೂತುಕೊಳ್ಳಿ. ಬೆಳಿಗ್ಗೆ ಎದ್ದಲ್ಲಿಂದ ಶುರು ಮಾಡಿ ದಿನವನ್ನು ತುಂಡು ತುಂಡಾಗಿ ಬರೆಯಿರಿ. ಜಾಗ ಬದಲಾದರೆ ಹೊಸ ತುಂಡು, ಕೆಲಸ ಬದಲಾದರೆ ಹೊಸ ತುಂಡು, ಜೊತೆಗಿದ್ದವರು ಎದ್ದು ಹೋದರೂ ಹೊಸ ತುಂಡು. ಒಂದಕ್ಕೆ ಒಂದು ಸಾಲು ಸಾಕು. ಎಷ್ಟರಿಂದ ಎಷ್ಟು ಗಂಟೆ, ಏನು ಮಾಡುತ್ತಿದ್ದಿರಿ, ಯಾರ ಜೊತೆ, ಆಗ ಮನಸ್ಸು ಎಲ್ಲಿತ್ತು. ಸಾಲಿನ ಕೊನೆಗೆ ಅಂಕ ಹಾಕಿ, 0ಯಿಂದ 6ರವರೆಗೆ. 0 ಅಂದರೆ ಒಂಚೂರೂ ಇಲ್ಲ, 6 ಅಂದರೆ ತುಂಬಿ ತುಳುಕಿತು.

ಒಂದು ಅಂಕ ಸಾಲದು, ಮೂರು ಹಾಕಿ: ಖುಷಿ, ನೆಮ್ಮದಿ, ತೃಪ್ತಿ.

ಇದು ನಾನು ಸೇರಿಸಿಕೊಂಡದ್ದು. ಈ ವಿಷಯಕ್ಕೆ ಕನ್ನಡದಲ್ಲಿ ಬೇರೆ ಬೇರೆ ಪದಗಳಿವೆ, ಮತ್ತು ನಾವು ಅವನ್ನು ಯೋಚಿಸದೇ ಸರಿಯಾದ ಜಾಗದಲ್ಲೇ ಬಳಸುತ್ತೇವೆ. ಖುಷಿ ಆ ಹೊತ್ತಿಗೆ ಮುಖದಲ್ಲಿ ಕಾಣುತ್ತದೆ. ಮಗು ಶಾಲೆಯಿಂದ ಓಡಿ ಬಂದು ತಬ್ಬಿಕೊಂಡಾಗ ಆಗುವುದು ಖುಷಿ, ಅದಕ್ಕೆ ಯಾರೂ ನೆಮ್ಮದಿ ಅನ್ನುವುದಿಲ್ಲ. ನೆಮ್ಮದಿ ಇದ್ದಾಗ ಗೊತ್ತಾಗುವುದೇ ಇಲ್ಲ, ಬ್ಯಾಂಕಿನ ಕಂತು ಕಟ್ಟಲು ದುಡ್ಡು ಸಾಲದ ತಿಂಗಳು ಅದು ಎಲ್ಲಿ ಹೋಯಿತು ಅಂತ ಹುಡುಕುತ್ತೇವೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರಲ್ಲ, ಅದು ನೆಮ್ಮದಿಯ ಮಾತು. ತೃಪ್ತಿ ಇನ್ನೊಂದು ಥರ. ಕೆಲಸ ಮಾಡುವಾಗ ಬೆವರು, ಬೇಸರ, ಸಿಟ್ಟು ಎಲ್ಲ ಇರುತ್ತದೆ. ಮುಗಿದ ಮೇಲೆ ಸೊಂಟಕ್ಕೆ ಕೈ ಇಟ್ಟುಕೊಂಡು ಒಮ್ಮೆ ನೋಡುತ್ತೇವಲ್ಲ, ಆಗ ಬರುತ್ತದೆ.

ನನ್ನ ಮೊದಲ ವಾರದ ಒಂದು ಬುಧವಾರದಿಂದ ಕೆಲವು ಸಾಲು ಹಾಗೇ ಇಳಿಸುತ್ತೇನೆ. ಅಂಕಗಳು ಖುಷಿ, ನೆಮ್ಮದಿ, ತೃಪ್ತಿ ಇದೇ ಸಾಲಿನಲ್ಲಿವೆ.

6:10–6:25. ಅಡುಗೆಮನೆ, ಕಾಫಿ, ಒಬ್ಬಳೇ. ಮನಸ್ಸು ಇಲ್ಲೇ. 4, 5, 2.
7:40–9:05. ಮೆಟ್ರೋ, ನಿಂತುಕೊಂಡೇ. ಮನಸ್ಸು ಆಗಲೇ ಆಫೀಸಿನಲ್ಲಿ. 1, 1, 0.
1:15–1:40. ಊಟ, ಕಂಪ್ಯೂಟರ್ ಮುಂದೆ. ಪಲ್ಯ ಯಾವುದು ಅಂತ ನೆನಪಿಲ್ಲ. 1, 1, 1.
7:30–8:15. ಮಗಳಿಗೆ ಭಿನ್ನರಾಶಿ. ಇಬ್ಬರೂ ಕೂಗಾಡಿದೆವು, ಕೊನೆಗೆ ಬಂತು. 1, 2, 5.
9:40–10:50. ಫೋನ್. ಏನು ನೋಡಿದೆ ಗೊತ್ತಿಲ್ಲ. 2, 1, 0.

ಭಿನ್ನರಾಶಿಯ ಸಾಲು ನೋಡಿ. ಖುಷಿ ಒಂದನ್ನೇ ಅಳೆದಿದ್ದರೆ ಮಗಳಿಗೆ ಪಾಠ ಹೇಳುವುದನ್ನು ಬಿಟ್ಟು ಟ್ಯೂಷನ್‌ಗೆ ಹಾಕು ಅಂತ ಆ ಲೆಕ್ಕ ಹೇಳುತ್ತಿತ್ತು. ತೃಪ್ತಿಯ 5 ಇರುವುದರಿಂದ ಅದು ನನ್ನ ದಿನದಲ್ಲಿ ಉಳಿಯಿತು. ಟೆಕ್ಸಾಸ್‌ನ ಹೆಂಗಸರೂ ಮಕ್ಕಳನ್ನು ನೋಡಿಕೊಳ್ಳುವ ಹೊತ್ತಿಗೆ ಕಡಿಮೆ ಅಂಕವನ್ನೇ ಕೊಟ್ಟಿದ್ದರು, ಟಿವಿ ನೋಡುವುದಕ್ಕಿಂತ, ಅಡುಗೆ ಮಾಡುವುದಕ್ಕಿಂತ ಕೆಳಗೆ. ಇದನ್ನು ಓದಿ ಯಾವ ತಾಯಿಯೂ ನೊಂದುಕೊಳ್ಳಬೇಕಾಗಿಲ್ಲ. ಮಕ್ಕಳು ಬೇಡ ಅಂತ ಅದರ ಅರ್ಥ ಅಲ್ಲ. ಮಕ್ಕಳ ಜೊತೆಗಿನ ಹೊತ್ತಿನಲ್ಲಿ ಸುಸ್ತು ಜಾಸ್ತಿ, ಅಷ್ಟೇ.

ಇನ್ನು ಫೋನಿನ ಸಾಲು. 70 ನಿಮಿಷ. ಏನು ನೋಡಿದೆ ಅಂತ ಒಂದು ತುಣುಕೂ ನೆನಪಿಲ್ಲ. ನೋಟ್‌ಬುಕ್‌ನಲ್ಲೇ ಬರೆಯಿರಿ ಅಂದದ್ದು ಇದಕ್ಕೇ. ಅಂಕ ಹಾಕಲು ಫೋನ್ ತೆರೆದರೆ ಮೊದಲು ಕಾಣುವುದು ಮೆಸೇಜು, ಆಮೇಲೆ ಸ್ಟೇಟಸ್ಸು, ಅಷ್ಟರಲ್ಲಿ ಬರೆಯಬೇಕಾದ ದಿನವೇ ಮರೆತುಹೋಗಿರುತ್ತದೆ.

ಅವರೆಕಾಯಿಯ ಭಾನುವಾರ

ನನ್ನ ಲೆಕ್ಕದಲ್ಲಿ ಮೊದಲ 6 ಬಿದ್ದದ್ದು ಒಂಬತ್ತನೇ ದಿನ. ಅದು ಬೀಳುತ್ತದೆ ಅಂತ ನಾನು ಎಣಿಸದ ಜಾಗದಲ್ಲಿ ಬಿತ್ತು.

ಅವರೆಕಾಯಿ ಕಾಲ. ಅತ್ತೆ ಎರಡು ಕೆಜಿ ತರಿಸಿದ್ದರು. ಸೊಗಡಿನ ಕಾಯಿ, ಚೀಲ ಬಿಚ್ಚಿದ ಕೂಡಲೇ ಮನೆಯೆಲ್ಲ ಘಮ್ ಅಂದಿತು. ಶನಿವಾರ ರಾತ್ರಿ ಬಿಡಿಸಿ ಕಾಳು ನೆನೆಹಾಕಿದ್ದರು. ಭಾನುವಾರ ಬೆಳಿಗ್ಗೆ ಹಿತುಕಲು ಕೂತಾಗ ಪಕ್ಕದ ಮನೆಯ ಆಂಟಿಯೂ ಒಂದು ತಟ್ಟೆ ಹಿಡಿದುಕೊಂಡು ಬಂದರು. ನಾನು ಬೇರೆ ದಾರಿ ಕಾಣದೆ ಕೂತೆ. ಎರಡು ಮೂರು ವರ್ಷದಿಂದ ನಾನು ಮಾರ್ಕೆಟ್‌ನಲ್ಲಿ ಹಿತಕಿದ ಬೇಳೆಯನ್ನೇ ತರುತ್ತಿದ್ದೆ, ಟೈಮ್ ಉಳಿಯುತ್ತದೆ ಅಂತ.

ನಡುವೆ ಪಾತ್ರೆ, ಸುತ್ತ ಮೂರು ಜನ. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಇಟ್ಟು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮುತ್ತದೆ. ಜಾಸ್ತಿ ಒತ್ತಿದರೆ ಸೋಫಾ ಕೆಳಗೆ ಹೋಗಿ ಬೀಳುತ್ತದೆ, ಕಡಿಮೆ ಒತ್ತಿದರೆ ಬರುವುದೇ ಇಲ್ಲ. ಅತ್ತೆ ನೋಡದೆಯೇ ಒತ್ತುತ್ತಿದ್ದರು, ಒಂದೂ ಹೊರಗೆ ಬೀಳಲಿಲ್ಲ. ಅವರು ಮದುವೆಯಾಗಿ ಬಂದ ಹೊಸತರಲ್ಲಿ ಹೀಗೇ ಹಿತುಕುತ್ತಾ ಕೂತಾಗ ತವರಿನ ನೆನಪಾಗಿ ಅತ್ತಿದ್ದನ್ನು ಹೇಳಿದರು. ಹದಿನೈದು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ, ಈ ಮಾತು ನಾನು ಕೇಳಿರಲಿಲ್ಲ. ಆಂಟಿ ಏನೋ ಹೇಳಿ ನಗಿಸಿದರು. ಮಗಳು ಬಂದು ಹತ್ತು ಕಾಳು ಹಿತುಕಿ, ಎರಡು ಬೇಳೆ ಹಸಿಯಾಗೇ ಬಾಯಿಗೆ ಹಾಕಿಕೊಂಡು ಹೋದಳು. ಮುಗಿಯುವ ಹೊತ್ತಿಗೆ ಬೆರಳ ತುದಿ ನೀರಲ್ಲಿ ನೆಂದು ಮುದುರಿತ್ತು. ಫೋನ್ ಒಳಗೆ ಚಾರ್ಜಿನಲ್ಲಿತ್ತು, ಅದರ ನೆನಪೂ ಬರಲಿಲ್ಲ.

ರಾತ್ರಿ ಆ ಸಾಲು ಬರೆದು ಅಂಕ ಹಾಕಲು ಹೋದಾಗ ಪೆನ್ನು ತಾನಾಗಿ 6, 6, 5 ಅಂತ ಬರೆಯಿತು. ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಟೈಮ್ ಉಳಿಸಲು ಅಂತ ದುಡ್ಡು ಕೊಟ್ಟು ನಾನು ತೆಗೆದುಹಾಕಿದ್ದು ಇದೇ ಒಂದೂವರೆ ಗಂಟೆಯನ್ನ. ಉಳಿಸಿದ ಆ ಟೈಮ್ ಎಲ್ಲಿ ಹೋಗಿತ್ತು ಅಂತ ಹಿಂದಿನ ಪುಟಗಳಲ್ಲಿ ಹುಡುಕಬೇಕಾಗಿರಲಿಲ್ಲ. 9:40–10:50.

ನಿಮ್ಮ ಮನೆಯಲ್ಲಿ ಅದು ಅವರೆಕಾಯಿ ಆಗಿರಬೇಕಾಗಿಲ್ಲ. ಹೂ ಕಟ್ಟುವುದಿರಬಹುದು, ಬೈಕ್ ತೊಳೆಯುವುದಿರಬಹುದು, ಸಂಜೆ ಅಂಗಡಿ ಮುಂದೆ ನಿಂತು ಕುಡಿಯುವ ಅರ್ಧ ಲೋಟ ಟೀ ಇರಬಹುದು. ಊಹೆ ಮಾಡಿ ಹೇಳಲು ಹೋಗಬೇಡಿ. ಬರೆಯುವ ಮೊದಲು ನನ್ನನ್ನು ಕೇಳಿದ್ದರೆ ಪ್ರವಾಸ, ಹೋಟೆಲು, ಹೊಸ ಸೀರೆ ಅಂತ ಪಟ್ಟಿ ಕೊಡುತ್ತಿದ್ದೆ.

ಪುಟ ತಿರುಗಿಸಿ ನೋಡುವುದು

14 ದಿನ ಆದ ಮೇಲೆ ಬೇರೆ ಬಣ್ಣದ ಪೆನ್ನು ತೆಗೆದುಕೊಳ್ಳಿ. ಯಾವುದೇ ಕಾಲಮ್ಮಿನಲ್ಲಿ 5 ಅಥವಾ 6 ಇರುವ ಸಾಲಿಗೆ ಸುತ್ತು ಹಾಕಿ. ಮೂರೂ ಕಡೆ 2ಕ್ಕಿಂತ ಕಡಿಮೆ ಇರುವ ಸಾಲಿನ ಕೆಳಗೆ ಗೆರೆ ಎಳೆಯಿರಿ.

ಮೊದಲು ಯಾರ ಜೊತೆ ಅನ್ನುವುದನ್ನು ನೋಡಿ. ಏನು ಮಾಡುತ್ತಿದ್ದಿರಿ ಅನ್ನುವುದು ಆಮೇಲೆ. ಟೆಕ್ಸಾಸ್‌ನ ಪಟ್ಟಿಯಲ್ಲಿ ಗಂಡನ ಅಥವಾ ಸಂಗಾತಿಯ ಸಾಮೀಪ್ಯ, ನಾಲ್ಕು ಜನರ ಜೊತೆ ಕೂತು ಮಾತಾಡುವುದು, ಸುಮ್ನೆ ವಿಶ್ರಾಂತಿ, ಪೂಜೆ ಅಥವಾ ಧ್ಯಾನ, ಊಟ ಇವೆಲ್ಲ ಮೇಲಿದ್ದವು. ತೀರಾ ಕೆಳಗಿದ್ದದ್ದು ಆಫೀಸಿನ ಕೆಲಸ, ಅದಕ್ಕಿಂತ ಕೆಳಗೆ ಆಫೀಸಿಗೆ ಹೋಗಿಬರುವ ದಾರಿ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತವರಿಗೆ ಇದನ್ನು ಅಮೆರಿಕದವರು ಹೇಳಬೇಕಾಗಿಲ್ಲ. ಆದರೆ ಅದೇ ಅಧ್ಯಯನದ ಇನ್ನೊಂದು ಮಾತು ನನಗೆ ತುಂಬ ಉಪಯೋಗಕ್ಕೆ ಬಂತು: ದಿನದ ಖುಷಿಯನ್ನು ಏರಿಸಿ ಇಳಿಸುವುದರಲ್ಲಿ ಸಂಬಳಕ್ಕಿಂತ ಹಿಂದಿನ ರಾತ್ರಿಯ ನಿದ್ದೆಯ ಕೈ ದೊಡ್ಡದು. ನನ್ನ ಪುಟಗಳಲ್ಲಿ ರಾತ್ರಿ ಹನ್ನೆರಡು ದಾಟಿದ ಮಾರನೇ ದಿನ ಒಂದು ಸುತ್ತೂ ಇರಲಿಲ್ಲ. ಒಂದೂ.

ಆಮೇಲೆ ಮನಸ್ಸು ಎಲ್ಲಿತ್ತು ಅನ್ನುವುದನ್ನು ನೋಡಿ. 2010ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ ಅನ್ನುವ ಇಬ್ಬರು 2,250 ಜನರ ಫೋನಿಗೆ ದಿನದ ಯಾವುದೋ ಹೊತ್ತಿನಲ್ಲಿ ಪ್ರಶ್ನೆ ಕಳಿಸಿ, ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯಾ ಅಂತ ಕೇಳಿದರು. ಹೆಚ್ಚು ಕಡಿಮೆ ಅರ್ಧದಷ್ಟು ಸಲ, ಸರಿಯಾಗಿ ಹೇಳಬೇಕೆಂದರೆ ಶೇ. 46.9ರಷ್ಟು ಸಲ, ಮನಸ್ಸು ಬೇರೆಲ್ಲೋ ಇತ್ತು. ಹಾಗೆ ಬೇರೆಲ್ಲೋ ಇದ್ದಾಗ ಜನ ಕಡಿಮೆ ಖುಷಿಯಾಗಿದ್ದರು, ಕೆಲಸ ಬೇಸರದ್ದಾಗಿದ್ದರೂ ಅಷ್ಟೇ. ಮಾಡುತ್ತಿರುವ ಕೆಲಸಕ್ಕಿಂತ ಮನಸ್ಸು ಎಲ್ಲಿದೆ ಅನ್ನುವುದೇ ಹೆಚ್ಚು ಎಣಿಕೆಗೆ ಬಂತು. ಕಂಪ್ಯೂಟರ್ ಮುಂದೆ ತಿಂದ ಆ ಪಲ್ಯ ನೆನಪಿದೆಯಲ್ಲ, ಮಾರನೇ ವಾರ ಅದೇ ಡಬ್ಬಿಯನ್ನು ಕ್ಯಾಂಟೀನಿಗೆ ಹಿಡಿದುಕೊಂಡು ಹೋಗಿ ತಿಂದೆ. ಅದೇ ಅನ್ನ, ಅದೇ ಸಾರು. 1 ಇದ್ದದ್ದು 4 ಆಯಿತು.

ಒಂದೇ ಒಂದನ್ನು ಬದಲಾಯಿಸಿ

ಇಲ್ಲಿ ಎಲ್ಲರೂ ಎಡವುತ್ತಾರೆ. ಪುಟ ನೋಡಿದ ಉತ್ಸಾಹದಲ್ಲಿ ನಾಳೆಯಿಂದ ಯೋಗ, ಬೇಗ ಏಳುವುದು, ಫೋನ್ ಬಂದ್, ವಾರಕ್ಕೊಂದು ಪುಸ್ತಕ ಅಂತ ಹೊರಡುತ್ತಾರೆ, ಮುಂದಿನ ಸೋಮವಾರಕ್ಕೆ ಎಲ್ಲ ಬಿದ್ದುಹೋಗಿರುತ್ತದೆ. ಬೇಡ. ಗೆರೆ ಎಳೆದ ಸಾಲುಗಳಲ್ಲಿ ಒಂದನ್ನು ಆರಿಸಿ. ಅದನ್ನು ತೆಗೆಯಲು ಆಗುತ್ತದಾ? ಆಗದಿದ್ದರೆ ಅದರ ಒಳಗೆ ಏನಾದರೂ ಬದಲಾಯಿಸಬಹುದಾ? ಎರಡು ವಾರ ಅದೊಂದೇ.

ನಾನು ಆರಿಸಿದ್ದು ಮೆಟ್ರೋ. ತೆಗೆಯುವ ಹಾಗಿಲ್ಲ, ವೈಟ್‌ಫೀಲ್ಡ್‌ಗೆ ಹೋಗಲೇಬೇಕು. ಷಿಕಾಗೊದ ರೈಲುಗಳಲ್ಲಿ ನಡೆದ ಒಂದು ಪ್ರಯೋಗದ ಬಗ್ಗೆ ಓದಿದ್ದೆ, 2014ರದ್ದು. ಕೆಲವರಿಗೆ ಪಕ್ಕದಲ್ಲಿ ಕೂತ ಅಪರಿಚಿತರನ್ನು ಮಾತಾಡಿಸಿ ಅಂದರು, ಕೆಲವರಿಗೆ ತಮ್ಮ ಪಾಡಿಗೆ ಇರಿ ಅಂದರು, ಉಳಿದವರಿಗೆ ದಿನಾ ಹೇಗಿರುತ್ತೀರೋ ಹಾಗೇ ಇರಿ ಅಂದರು. ಮಾತಾಡಿದವರ ಪ್ರಯಾಣವೇ ಚೆನ್ನಾಗಿತ್ತು. ಆದರೆ ಮೊದಲೇ ಊಹಿಸಿ ಅಂತ ಕೇಳಿದಾಗ ಜನ ಹೇಳಿದ್ದು ಉಲ್ಟಾ, ಮಾತಾಡಿದರೆ ಕಿರಿಕಿರಿ ಅಂತ. ನಮ್ಮ ಹಳೇ ಕೆಂಪು ಬಸ್ಸುಗಳಲ್ಲಿ "ಯಾವೂರು ನಿಮ್ದು?" ಅಂತ ಶುರುವಾಗಿ ಇಳಿಯುವ ಹೊತ್ತಿಗೆ ಮಗಳ ಮದುವೆ ಕಾಗದ ಕಳಿಸುವವರೆಗೂ ಹೋಗುತ್ತಿದ್ದ ಮಾತು ನೆನಪಾಯಿತು. ಮೊದಲ ದಿನ ನನಗೆ ಬಾಯಿ ಬರಲಿಲ್ಲ. ಎರಡನೇ ದಿನ ಪಕ್ಕದಲ್ಲಿ ನಿಂತ ಹೆಂಗಸಿನ ಮುಡಿಯಲ್ಲಿದ್ದ ಮರುಗ ನೋಡಿ "ಎಲ್ಲಿ ಸಿಕ್ತು?" ಅಂದೆ. ವಿಜಯನಗರದಿಂದ ಮೆಜೆಸ್ಟಿಕ್‌ವರೆಗೆ ಮಾತಾಡಿದೆವು. ಆ ದಿನದ ಸಾಲಿಗೆ 4 ಬಂತು. ದಿನಾ ಹೀಗಾಗುವುದಿಲ್ಲ, ಮುಖ ತಿರುಗಿಸಿಕೊಳ್ಳುವವರೂ ಇದ್ದಾರೆ, ಅವರನ್ನು ಅವರ ಪಾಡಿಗೆ ಬಿಡಬೇಕು. ಆದರೂ ಎರಡು ವಾರದ ಸರಾಸರಿ 1ರಿಂದ 3ಕ್ಕೆ ಹತ್ತಿತು.

ದುಡ್ಡಿನ ಸಾಲುಗಳು

ದುಡ್ಡಿನಿಂದ ಖುಷಿ ಬರಲ್ಲ ಅಂತ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಹೆಚ್ಚಾಗಿ ಅದನ್ನು ಹೇಳುವುದು ಇದ್ದವರು. ಬಾಡಿಗೆ, ಫೀಸು, ಔಷಧಿ ಇವಕ್ಕೆ ಸಾಲದಿದ್ದರೆ ನೆಮ್ಮದಿಯ ಕಾಲಮ್ಮಿನಲ್ಲಿ ಸೊನ್ನೆಗಳೇ ಬೀಳುತ್ತವೆ, ಅದಕ್ಕೆ ಮದ್ದು ದುಡ್ಡೇ ಹೊರತು ಧ್ಯಾನ ಅಲ್ಲ. ಅಂಥವರು ಬೇರೆಲ್ಲ ಬಿಟ್ಟು ಆ ಒಂದು ಸಾಲು ಆರಿಸಿಕೊಳ್ಳಿ: ಯಾವ ಸಾಲ ಮೊದಲು ತೀರಬೇಕು, ಯಾರ ಹತ್ತಿರ ಕೂತು ಮಾತಾಡಬೇಕು.

ಲಾಟರಿ ಗೆದ್ದವರ ಬಗ್ಗೆ 1978ರ ಒಂದು ಅಧ್ಯಯನವನ್ನು ಎಲ್ಲರೂ ಹೇಳುತ್ತಾರೆ. ಅಮೆರಿಕದ ಇಲಿನಾಯ್‌ನಲ್ಲಿ ಗೆದ್ದ 22 ಜನ ಅಕ್ಕಪಕ್ಕದವರಿಗಿಂತ ಹೇಳಿಕೊಳ್ಳುವಷ್ಟು ಖುಷಿಯಾಗಿರಲಿಲ್ಲ, ಗೆಳೆಯರ ಜೊತೆ ಮಾತು, ಬೆಳಗಿನ ತಿಂಡಿ ಇಂಥವು ಅವರಿಗೆ ಬೇರೆಯವರಿಗಿಂತ ಸಪ್ಪೆಯಾಗಿ ಕಂಡವು. ಆದರೆ ಅದು ತೀರಾ ಚಿಕ್ಕ ಗುಂಪು. ಆಮೇಲೆ ಸ್ವೀಡನ್‌ನಲ್ಲಿ ಸಾವಿರಾರು ಜನರನ್ನು ನೋಡಿದಾಗ, ದೊಡ್ಡ ಮೊತ್ತ ಗೆದ್ದವರಿಗೆ ಬದುಕಿನ ಬಗ್ಗೆ ಇದ್ದ ತೃಪ್ತಿ ವರ್ಷಗಟ್ಟಲೆ ಹೆಚ್ಚೇ ಉಳಿದಿತ್ತು, ದಿನದಿನದ ಖುಷಿ ಮಾತ್ರ ಅಷ್ಟು ಏರಿರಲಿಲ್ಲ. ಮೂರು ಕಾಲಮ್ಮು ಯಾಕೆ ಅಂತ ಕೇಳುವವರಿಗೆ ನಾನು ಇದನ್ನು ತೋರಿಸುತ್ತೇನೆ.

ಖರ್ಚು ಮಾಡಿದ ದಿನದ ಸಾಲುಗಳನ್ನೂ ಒಮ್ಮೆ ಹೋಲಿಸಿ ನೋಡಿ. ಕೆನಡಾದಲ್ಲಿ ಎಲಿಜಬೆತ್ ಡನ್ ಮತ್ತು ಜೊತೆಗಾರರು ಬೆಳಿಗ್ಗೆ ಜನರಿಗೆ 5 ಅಥವಾ 20 ಡಾಲರ್ ಕೊಟ್ಟು, ಕೆಲವರಿಗೆ ನಿಮಗೇ ಖರ್ಚು ಮಾಡಿಕೊಳ್ಳಿ, ಕೆಲವರಿಗೆ ಬೇರೆಯವರಿಗೆ ಮಾಡಿ ಅಂದಿದ್ದರು. ಸಂಜೆ ಹೆಚ್ಚು ಖುಷಿಯಾಗಿದ್ದದ್ದು ಬೇರೆಯವರಿಗೆ ಮಾಡಿದವರು, 5 ಆದರೂ 20 ಆದರೂ ವ್ಯತ್ಯಾಸ ಇರಲಿಲ್ಲ. ಇದು 2008ರಲ್ಲಿ ಪ್ರಕಟವಾಯಿತು. ನನ್ನ ನೋಟ್‌ಬುಕ್‌ನಲ್ಲಿ ಆನ್‌ಲೈನ್‌ನಲ್ಲಿ ತರಿಸಿದ 1,800 ರೂಪಾಯಿ ಕುರ್ತಾಗೆ ಖುಷಿ 3. ಮನೆಕೆಲಸಕ್ಕೆ ಬರುವವರ ಮಗನಿಗೆ 90 ರೂಪಾಯಿಯ ಜಾಮೆಟ್ರಿ ಬಾಕ್ಸ್ ತಂದುಕೊಟ್ಟ ಸಂಜೆಗೆ 5, ತೃಪ್ತಿಗೂ 5.

ಅಂಕ ಏಳದಿದ್ದರೆ

14 ದಿನವೂ ಮೂರೂ ಕಾಲಮ್ಮಿನಲ್ಲಿ 0, 1 ಬಿಟ್ಟು ಬೇರೆ ಬರಲಿಲ್ಲ ಅಂತಿಟ್ಟುಕೊಳ್ಳಿ. ಮೊದಲು ಇಷ್ಟವಾಗುತ್ತಿದ್ದದ್ದು ಯಾವುದೂ ರುಚಿಸುತ್ತಿಲ್ಲ, ನಿದ್ದೆ ಕೆಟ್ಟಿದೆ, ಊಟ ಸೇರುತ್ತಿಲ್ಲ, ಬದುಕಿದ್ದು ಏನು ಪ್ರಯೋಜನ ಅನ್ನಿಸುತ್ತಿದೆ. ಆಗ ಈ ನೋಟ್‌ಬುಕ್‌ನಿಂದ ಆಗುವ ಕೆಲಸ ಅಲ್ಲ ಅದು. ಖಿನ್ನತೆ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ, ಡಾಕ್ಟರ್ ಹತ್ತಿರ ಹೋಗಿ. ಎಲ್ಲಿಗೆ ಹೋಗಬೇಕು ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬರೆದಿಟ್ಟ ಪುಟಗಳನ್ನು ಜೊತೆಗೆ ಒಯ್ಯಿರಿ. ಎಷ್ಟು ದಿನದಿಂದ ಹೀಗಿದೆ, ಯಾವ ಹೊತ್ತಿನಲ್ಲಿ ಜಾಸ್ತಿ ಅಂತ ಡಾಕ್ಟರ್ ಕೇಳಿದಾಗ ನೆನಪಿಸಿಕೊಂಡು ಒದ್ದಾಡುವುದು ತಪ್ಪುತ್ತದೆ.

ಉಳಿದವರು 14 ದಿನ ಆದ ಮೇಲೆ ಬರೆಯುವುದನ್ನು ನಿಲ್ಲಿಸಿ. ನಿಜವಾಗಿ ನಿಲ್ಲಿಸಿ. ಹಿತುಕುತ್ತಾ ಕೂತಾಗ ಇದಕ್ಕೆ ಎಷ್ಟು ಅಂಕ ಕೊಡಲಿ ಅಂತ ಯೋಚನೆ ಶುರುವಾದರೆ ಮನಸ್ಸು ಕಾಳಿನಿಂದ ಎದ್ದು ನೋಟ್‌ಬುಕ್‌ಗೆ ಹೋಯಿತು ಅಂತಲೇ ಅರ್ಥ. ನಾನು ವರ್ಷಕ್ಕೆ ಎರಡು ಸಲ ಬರೆಯುತ್ತೇನೆ, ಒಂದು ಮಗಳ ಪರೀಕ್ಷೆ ಮುಗಿದ ಏಪ್ರಿಲ್‌ನಲ್ಲಿ, ಇನ್ನೊಂದು ಅವರೆಕಾಯಿ ಬರುವ ಹೊತ್ತಿಗೆ. ಹಳೇ ಪುಟಗಳನ್ನು ಎಸೆಯಬೇಡಿ, ಮತ್ತೆ ಬರೆಯುವಾಗ ಪಕ್ಕದಲ್ಲಿಟ್ಟು ನೋಡಲು ಬೇಕಾಗುತ್ತದೆ. ಮೊದಲ ಪುಟದ ಮೇಲೆ ತಾರೀಖಿನ ಜೊತೆ ವರ್ಷವನ್ನೂ ಬರೆಯಿರಿ. ನಾನು ಮೊದಲ ಸಲ ಬರೆದಿರಲಿಲ್ಲ, ಆಮೇಲೆ ಮಗಳು ಯಾವ ಕ್ಲಾಸಿನಲ್ಲಿದ್ದಳು ಅನ್ನುವುದರ ಮೇಲೆ ಲೆಕ್ಕ ಹಾಕಬೇಕಾಯಿತು.